ಐಸ್‌ಕ್ಯಾಂಡಿ ಕಡ್ಡಿಯ ಸೇತುವೆ

ನಾನು ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದವಳು. ಗಂಡನ ಕೆಲಸಕ್ಕಾಗಿ ಅಮೆರಿಕದ ಸ್ಯಾನ್ ಡಿಯೇಗೋಗೆ ಬಂದ ಮೇಲೆ ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಅಲ್ಲಿನ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಶಾಲೆಯಲ್ಲಿ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ, ಶುಕ್ರವಾರದ ಬಿಲ್ಡಿಂಗ್ ಚಾಲೆಂಜ್‌ಗೆ ವಾಲಂಟಿಯರ್ ಬೇಕು ಅಂತ ಟೀಚರ್ ಕೇಳಿದರು. ಹೋದೆ. ಒಂದು ವಾರ ಬೇಯಿಸದ ಸ್ಪಗೆಟಿ ಕಡ್ಡಿಗಳ ಗೋಪುರ, ಇನ್ನೊಂದು ವಾರ ಭಾರ ಹೊರುವ ಕಾಗದದ ದೋಣಿ. ಮಕ್ಕಳ ಅಂಟಂಟು ಬೆರಳುಗಳ ಮಧ್ಯೆ ಕೂತಷ್ಟು ಹೊತ್ತು, ಓದಿದ್ದೆಲ್ಲ ದಂಡವಾಗಲಿಲ್ಲ ಅನ್ನಿಸುತ್ತಿತ್ತು.

ಈ ಚಾಲೆಂಜ್‌ಗಳಲ್ಲಿ ಮಗಳ ಜೊತೆಗಾತಿ ಧಾರವಾಡದವರ ಹುಡುಗಿ. ಅವಳ ಅಪ್ಪನೂ ನನ್ನ ಗಂಡನೂ ಒಂದೇ ಕಂಪನಿಯಲ್ಲಿದ್ದರು. ಐಸ್‌ಕ್ಯಾಂಡಿ ಕಡ್ಡಿಗಳಿಂದ ಸೇತುವೆ ಕಟ್ಟುವ ಚಾಲೆಂಜ್ ನಡೆಯುತ್ತಿದ್ದಾಗಲೇ ಲೇಆಫ್ ಶುರುವಾಯಿತು. ನನ್ನ ಗಂಡ ಉಳಿದುಕೊಂಡರು, ಆದರೆ ಊಟಕ್ಕೆ ಕೂತರೂ ಆಫೀಸಿನ ಮೇಲ್ ನೋಡುತ್ತಲೇ ಇರುತ್ತಿದ್ದರು. ಧಾರವಾಡದವರಿಗೆ ಕೆಲಸ ಹೋಯಿತು, ಬೇರೆ ಕಡೆ ಸಿಗಲಿಲ್ಲ, ವೀಸಾ ಮುಗಿಯುವುದರೊಳಗೆ ಊರಿಗೆ ಹೊರಡಬೇಕಾಯಿತು.

ಸೇತುವೆಗಳಿಗೆ ಭಾರ ಹೇರಿ ನೋಡುವ ಪರೀಕ್ಷೆಗೆ ಮುಂಚೆಯೇ ಅವರ ಫ್ಲೈಟ್. ಹುಡುಗಿಯ ಅಮ್ಮ ಬಂದು ಮಗಳ ಶಾಲೆಯ ದಾಖಲೆಗಳನ್ನು ತೆಗೆದುಕೊಂಡರು. ನನ್ನನ್ನು ಪಕ್ಕಕ್ಕೆ ಕರೆದು, "ಮನ್ಯಾಗ ಒಂದs ಸಮ ಸೇತುವೆ ಸೇತುವೆ ಅಂತಾಳ್ರೀ. ಇವತ್ತs ಒಮ್ಮೆ ಆ ಟೆಸ್ಟ್ ಮಾಡಿಸಿಬಿಡ್ರಿ," ಅಂದರು. ಟೀಚರ್ ಒಪ್ಪಿ, ಶಾಲೆ ಬಿಟ್ಟ ಮೇಲೆ ಕ್ಲಾಸ್‌ರೂಮ್ ತೆರೆದಿಟ್ಟರು.

ಎರಡು ಡೆಸ್ಕುಗಳ ನಡುವೆ ಸೇತುವೆ ಇಟ್ಟು, ಕೆಳಗೆ ಪುಟ್ಟ ಬಕೆಟ್ ಕಟ್ಟಿದೆವು. ಹುಡುಗಿ ಅದಕ್ಕೆ ಮರಳು ಸುರಿಯತೊಡಗಿದಳು. ಕಡ್ಡಿ ಕಿರುಗುಟ್ಟಿದಾಗ ನನ್ನ ಮಗಳು ಅವಳ ಕೈ ಹಿಡಿದು, ಸಾಕು, ಹೀಗೇ ಇಟ್ಟುಕೊಳ್ಳೋಣ ಅಂತ ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಹುಡುಗಿ ಕೇಳಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಮುರೀಬೇಕು ಆಂಟಿ. ಇಲ್ಲಾಂದ್ರ ಎಲ್ಲಿ ವೀಕ್ ಐತಿ ಅಂತ ಗೊತ್ತಾಗಂಗಿಲ್ಲ."

ಅದು ನಾನೇ ಅವರಿಗೆ ಹೇಳಿಕೊಟ್ಟ ಮಾತು.

ಸೇತುವೆ ಬೇಗನೇ ಮುರಿಯಿತು. ಹುಡುಗಿ ಚೆಲ್ಲಿದ ಮರಳಿನಲ್ಲಿ ಮೊಣಕಾಲೂರಿ ತುಂಡುಗಳನ್ನು ತಿರುಗಿಸಿ ನೋಡಿದಳು. ಮಧ್ಯದ ಜೋಡಣೆಯಲ್ಲಿ ಅಂಟು ಒಣಗಿರಲಿಲ್ಲ. ಅದನ್ನು ನನ್ನ ಮಗಳಿಗೆ ತೋರಿಸಿ, ನೆಕ್ಸ್ಟ್ ಟೈಮ್ ಇದು ಪೂರ್ತಿ ಒಣಗುವವರೆಗೆ ಕಾಯೋಣ ಅಂದವಳು, ತುಂಡನ್ನು ಮೆಲ್ಲಗೆ ಕೆಳಗಿಟ್ಟಳು. ಬಾಗಿಲ ಬಳಿ ನಿಂತಿದ್ದ ಅವಳ ಅಮ್ಮ ಮುಖ ಆಚೆ ತಿರುಗಿಸಿಕೊಂಡರು. ಟೀಚರ್ ಪೊರಕೆ ತಂದರು. ನಾನೇ ತೆಗೆದುಕೊಂಡು ಗುಡಿಸಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಮುಂದಿನ ಶುಕ್ರವಾರ ಬೇರೆಯವರ ಸೇತುವೆಗಳು ಒಂದೊಂದಾಗಿ ಮುರಿದವು, ಮಕ್ಕಳು ಕೇಕೆ ಹಾಕಿದರು. ಮಗಳಿಗೆ ಹೊಸ ಜೊತೆ ಕೊಟ್ಟರು. ಅವಳು ಟೀಚರ್ ಹೇಳಿದಷ್ಟು ಮಾತ್ರ ಮಾಡಿ ಕೂತಿರುತ್ತಿದ್ದಳು.

ಕೆಲವು ದಿನ ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಮಾತಾಡಿದರು. ಇಲ್ಲಿ ಬೆಳಗಾದರೆ ಅಲ್ಲಿ ಅವಳು ತೂಕಡಿಸುತ್ತಿದ್ದಳು. ಅಲ್ಲಿನ ಶಾಲೆಯಲ್ಲಿ ಏನು ಕಟ್ಟಿಸುತ್ತಾರೆ ಅಂತ ಮಗಳು ಕೇಳಿದ್ದಕ್ಕೆ, ಏನೂ ಇಲ್ಲ, ಬರೀ ಬರೆಯುವುದು ಅಂದಳಂತೆ. ಅದಾದ ಮೇಲೆ, ಕಾಲ್ ಮಾಡೋಣವಾ ಅಂತ ನಾನು ಕೇಳಿದಾಗಲೆಲ್ಲ ಮಗಳು ಹೋಮ್‌ವರ್ಕ್ ಇದೆ ಅನ್ನತೊಡಗಿದಳು.