ನಾಲ್ಕು ದಿನ ಅವರು ಉಣ್ಣಲಿಲ್ಲ

ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಬಂತು. ಕೈತುಂಬ ಜೋಳದ ಹಿಟ್ಟು. ಮೊಣಕೈಯಿಂದ ಸ್ಪೀಕರ್ ಒತ್ತಿದೆ. ಕುರುಗೋಡಿನಿಂದ ನಾದಿನಿ, ನಮ್ಮ ಯಜಮಾನರ ತಂಗಿ.

"ವೈನಿ, ಅಣ್ಣ ಇಲ್ಲಿ ಬಂದಾನ. ಗಾಬರಿ ಆಗಬ್ಯಾಡ್ರಿ."

ಹೊರಗಿನ ಕಟ್ಟೆ ನೋಡಿದೆ. ಪೇಪರ್ ಮಡಚಿಟ್ಟಿತ್ತು, ಚಪ್ಪಲಿ ಇರಲಿಲ್ಲ. ಹಾಲಿನಂಗಡಿಗೆ ಹೋಗಿದ್ದಾರೆ ಎಂದುಕೊಂಡಿದ್ದೆ. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು, ಕುರುಗೋಡಿನ ಬಸ್ ಹತ್ತಿ, ಸರಿಯಾಗಿ ಇಳಿದು ತಂಗಿಯ ಮನೆ ಸೇರಿದ್ದರು. ಒಬ್ಬರೇ.

ಅವರಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿ ಆಗ ವರ್ಷವಾಗಿತ್ತು. ಸಿರುಗುಪ್ಪದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು ಅವರು. ಕರೂರು, ಹಚ್ಚೊಳ್ಳಿ ಕಡೆಯಿಂದ ಸುಟ್ಟ ಪಂಪುಗಳು ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದವು. ಒಂದು ದಿನ ತಾಮ್ರದ ತಂತಿ ಸುತ್ತುತ್ತಿದ್ದಾಗ ಸುತ್ತುಗಳ ಲೆಕ್ಕ ನಡುವೆಯೇ ತಪ್ಪಿತು. ಮೊದಲಿಂದ ಸುತ್ತಿದರು, ಮತ್ತೆ ತಪ್ಪಿತು. ತಾವೇ ಅಂಗಡಿಗೆ ಬೀಗ ಹಾಕಿ ಬಂದರು. ಆಸ್ಪತ್ರೆ ಹತ್ತಿರವಾಗಲೆಂದು ನಾವು ಬಳ್ಳಾರಿಗೆ ಬಂದೆವು.

ಇಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಕೂಟ ಸೇರುತ್ತದೆ. ಮರೆವು ಬಂದವರೂ ಅವರನ್ನು ನೋಡಿಕೊಳ್ಳುವವರೂ ಜೋಡಿಯಾಗಿ ಕೂಡಬೇಕು. ನಡೆಸುವ ಮೇಡಮ್ಮು ಮೊದಲ ದಿನವೇ ಹೇಳಿದ್ದರು: "ಅವರನ್ನ ಬಿಟ್ಟು ಏನೂ ಮಾಡಬ್ಯಾಡ್ರಿ. ಕೇಳ್ರಿ. ಉತ್ತರ ಬರೋತನಕ ಕಾಯ್ರಿ." ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೆ ಕಷ್ಟವೇನಿದೆ.

"ಯಾಕ ಬಂದಾರಂತ?" ಎಂದು ನಾದಿನಿಯನ್ನು ಕೇಳಿದೆ.

"ಹೆಂಗ ಹೇಳಲಿ ವೈನಿ. ಕೊರಳಾಗಿನ ಲಿಂಗ ಕಳಕೊಂಡಾನಂತ. ಮಠದ ಅಯ್ಯನೋರ ಕಡೆ ಹೊಸಾದು ಕಟ್ಟಿಸ್ಕೊಳ್ಳಾಕ ಬಂದಾನ. ನಿಮಗ ಹೇಳಬ್ಯಾಡಂತ ಆಣಿ ಹಾಕ್ಯಾನ. ನಾಕು ದಿನದಿಂದ ಉಂಡಿಲ್ಲಂತ. ಪೂಜಿ ಇಲ್ಲದ ಹೆಂಗ ಉಣ್ಣಲಿ ಅಂತಾನ."

ಹೆಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಬಂತು.

ಲಿಂಗ ಕಳೆದಿರಲಿಲ್ಲ. ತೆಗೆದಿಟ್ಟವಳು ನಾನೇ.

ನಾಲ್ಕು ದಿನದ ಹಿಂದೆ ಅದು ಬೆಳ್ಳಿಯ ಕರಡಿಗೆ, ದಾರದ ಸಮೇತ ಬಚ್ಚಲಿನ ನಲ್ಲಿಗೆ ನೇತಾಡುತ್ತಿತ್ತು. ಜೀವ ಇರುವ ತನಕ ಮೈಮೇಲೆ ಇರಬೇಕಾದದ್ದು. ಮೋರಿಗೆ ಜಾರಿದರೆ ಗತಿಯೇನು ಎಂದು ಹೆದರಿ, ದೇವರ ಮಾಡದಲ್ಲಿ ವಿಭೂತಿ ಗಟ್ಟಿಗಳ ಹಿಂದೆ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಕೇಳಿದರೆ ಕೊಡೋಣ ಅಂದುಕೊಂಡೆ. ಅವರು ಕೇಳಲಿಲ್ಲ. ಪೂಜೆಗೂ ಕೂಡಲಿಲ್ಲ. ಶಿವನನ್ನೂ ಮರೆತರಲ್ಲ ಎಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ.

ಆ ಮೇಲೆ ತಟ್ಟೆ ಮುಂದಿಟ್ಟರೆ "ಒಲ್ಲೆ, ಹಸಿವಿಲ್ಲ" ಎನ್ನುತ್ತಿದ್ದರು. ಗುಳಿಗೆ ನುಂಗಲು ಒಂದಿಷ್ಟು ಹಾಲು, ಅಷ್ಟೇ. ಕೂಟದಲ್ಲಿ ಮೇಡಮ್ಮು ಅವರನ್ನೇ ನೋಡಿ ಊಟ ಹೇಗೆ ನಡೆದಿದೆ ಎಂದು ಕೇಳಿದರೆ, ನಡುವೆ ಬಾಯಿ ಹಾಕಿದವಳು ನಾನು: "ಹಸಿವಿ ಹೋಗೈತ್ರಿ. ಪೂಜಿನೂ ಮರತಾರ." ಅವರು ಏನೋ ಹೇಳಲು ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿಕೊಂಡರು. ಅದರ ಮಾರನೆಯ ದಿನ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಮೋರಿಯೊಳಗೆ ಕೈ ಹಾಕಿದ್ದರು. "ಸಣ್ಣ ಹುಡುಗರಂಗ ಮೋರಿಯಾಗ ಏನ್ ಆಡ್ತೀರಿ?" ಎಂದು ಗದರಿದ್ದೆ. "ಏನಿಲ್ಲ ಬಿಡು" ಎಂದು ಕೈ ತೊಳೆದುಕೊಂಡರು.

ಆಗ ಅವರು ಹುಡುಕುತ್ತಿದ್ದದ್ದು ಏನೆಂದು ಈಗ, ಒಲೆಯ ಮುಂದೆ ನಿಂತು, ಗೊತ್ತಾಯಿತು.

ಗ್ಯಾಸ್ ಆರಿಸಿ, ಡಬ್ಬಿ ಎತ್ತಿಕೊಂಡು ಬಸ್ ಹಿಡಿದೆ. ಶಿವನು ಮಾಡಿದ ಒಳ್ಳೆಯದನ್ನು ಎಣಿಸುವುದು ನನ್ನ ರೂಢಿ. ಅವರು ತಪ್ಪು ಬಸ್ ಹತ್ತಲಿಲ್ಲ, ಒಂದು. ನಾದಿನಿ ಮನೆಯಲ್ಲೇ ಇದ್ದಳು, ಎರಡು. ಆಣೆ ಮುರಿದು ಫೋನ್ ಮಾಡಿದಳು, ಮೂರು. ಎಣಿಸುತ್ತಲೇ ಗಳಿಗೆಗೊಮ್ಮೆ ಡಬ್ಬಿ ತೆರೆದು ನೋಡುತ್ತಿದ್ದೆ.

ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿದೊಡನೆ ಅವರ ಕೈ ಬರಿದಾದ ಎದೆಯನ್ನು ಮುಚ್ಚಿಕೊಂಡಿತು. ನಾನು ಡಬ್ಬಿ ಮುಂದಿಟ್ಟೆ. ತೆರೆದು ನೋಡಿದರು.

"ಎಲ್ಲಿ ಸಿಕ್ತು?"

ಬಚ್ಚಲಲ್ಲಿ ಸಿಕ್ಕಿತು ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಲಿಂಗ ಎದುರಿಗಿತ್ತು, ಸುಳ್ಳಾಡಲಾಗಲಿಲ್ಲ.

"ನಾನ ತಗದಿಟ್ಟಿದ್ದೆ. ನೀವು ಕಳೀತೀರಿ ಅಂತ."

"ಅಂದ್ರ ನಾ ಕಳಕೊಂಡಿಲ್ಲ?" ಎಂದು ಎರಡು ಸಲ ಕೇಳಿದರು. ಬೈಯುತ್ತಾರೆಂದು ಕಾದಿದ್ದೆ. ಅವರ ಮುಖದಲ್ಲಿ ಮೊದಲು ಕಂಡದ್ದು ನೆಮ್ಮದಿ. ಅದು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಆಮೇಲೆ ಮೆಲ್ಲಗೆ ಅಂದರು: "ನನ್ನ ತಲಿ ಇಷ್ಟು ಕೆಟ್ಟೈತಿ ಅಂತ ನಾನೂ ನಂಬಿದ್ನಲ್ಲೇ. ಮರವು ಐತಿ, ಖರೆ. ಒಂದು ಮಾತು ಕೇಳಬೇಕಾಗಿತ್ತು."

"ಕೇಳಿದ್ರ ನೀ ಎಲ್ಲಿ ಹೇಳ್ತಿದ್ದಿ?" ಎಂದಳು ನಾದಿನಿ. "ನೀನೂ ಮುಚ್ಚಿಟ್ಟಿ, ವೈನೀನೂ ಮುಚ್ಚಿಟ್ರು. ಛಲೋ ಜೋಡಿ."

ಅವರು ನಕ್ಕರು. ನನಗೆ ನಗು ಬರಲಿಲ್ಲ.

"ಇನ್ನ ಮುಂದ ಹೆಂಗ ಮಾಡೋಣ್ರಿ?" ಎಂದು ಕೇಳಿ ಸುಮ್ಮನೆ ನಿಂತೆ. ಉತ್ತರ ತಡವಾಯಿತು. ನಾನೇ ಹೇಳಿಬಿಡೋಣ ಎಂದು ಬಾಯಿ ತವಕಿಸುತ್ತಿತ್ತು, ತುಟಿ ಕಚ್ಚಿಕೊಂಡೆ.

"ದಾರ ಒದ್ದಿಯಾದ್ರ ಗಂಟು ಸಡ್ಲ ಆಗತೈತಿ," ಎಂದರು ಕೊನೆಗೆ. "ಅದಕ್ಕ ಜಳಕಕ್ಕ ತಗದಿಡತಿದ್ದೆ. ಹೊಸಾ ದಾರ ತಾ."

ನಾದಿನಿ ದಾರ ಕೊಟ್ಟಳು. ತಾಮ್ರದ ಸುರುಳಿಗಳನ್ನು ಬಿಗಿಯುತ್ತಿದ್ದ ಗಂಟನ್ನೇ ಹಾಕಿದರು. ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ. "ಎಳದು ನೋಡು" ಎಂದರು. ಎಳೆದೆ, ಕದಲಲಿಲ್ಲ. ಆಮೇಲೆ ಜಳಕ ಮಾಡಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಬಹಳ ಹೊತ್ತು ಪೂಜೆಗೆ ಕೂತರು. ಎದ್ದು ಬಂದು ಉಂಡರು. ಶಿವನ ಲೆಕ್ಕದಲ್ಲಿ ನಾಲ್ಕನೆಯದು ಅದು. ನಾನು ಮಾತ್ರ ತುತ್ತು ಎತ್ತಲಾರದೆ ಅವರ ತಟ್ಟೆಯನ್ನೇ ನೋಡುತ್ತ ಕೂತಿದ್ದೆ.

ಸಂಜೆಯ ಬಸ್ಸಿಗೆ ಇಬ್ಬರೂ ಬಳ್ಳಾರಿಗೆ ಬಂದೆವು. ಬೆಳಗಿನ ಹಿಟ್ಟು ಪರಾತದಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಓಣಿಯ ಆಕಳಿಗೆ ಹಾಕಿ ಬಂದೆ.

"ಎಷ್ಟು ಬಡೀಲಿ?" ಎಂದು ಕೇಳಿ, ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಎರಡು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲ, ಮೂರು."

ಒಲೆ ಹೊತ್ತಿಸಿ ಹಿಟ್ಟಿಗೆ ನೀರು ಕಾಯಲಿಟ್ಟೆ.