ಕಡೆಯ ಗಲ್ಲಿಯ ಪೈಪು

ಚಿಕ್ಕೋಡಿ ಕಡೆಯ ನಮ್ಮ ಊರಿನ ನೀರಿನ ಪೈಪುಗಳ ನಕ್ಷೆ ಬರೆದುಕೊಟ್ಟವನು ನಾನೇ. ಪಂಚಾಯಿತಿಯವರು ಕೇಳಿದ್ದು ಇಷ್ಟೇ: ಹೊಸ ಪಂಪು ತಂದರೆ ನೀರು ಹೆಚ್ಚಾದೀತೇ? ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಇಂಥದೇ ಲೆಕ್ಕ. ನಕ್ಷೆಯ ಮೇಲೆಯೇ, ಊರಿಗೆ ನೀರು ಪೂರ್ತಿ ನಿಲ್ಲಬೇಕಾದರೆ ಯಾವ ಯಾವ ಪೈಪು ಕತ್ತರಿಸಬೇಕೆಂದು ಹುಡುಕಬೇಕು. ಹಾಗೆ ಕತ್ತರಿಸುವ ದಾರಿ ಹಲವು. ಅವುಗಳಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಕಡೆ ಎಷ್ಟು ನೀರು ಹಾಯಬಲ್ಲದೋ ಊರಿಗೆ ಬರುವುದು ಅಷ್ಟೇ, ಒಂದು ಕೊಡವೂ ಹೆಚ್ಚಿಲ್ಲ. ನಮ್ಮಲ್ಲಿ ಅದು ಟ್ಯಾಂಕಿನ ಬುಡದ ಎರಡು ಪೈಪು. ಪಂಪು ಬೇಡ, ಅವನ್ನು ದೊಡ್ಡವು ಮಾಡಿ ಎಂದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಮೇಲಿಂದ ಮೇಲೆ ಸೋರುತ್ತಿದ್ದ ಹಳೇ ಪೈಪೊಂದನ್ನು ತೋರಿಸಿ, ಇದನ್ನು ಬಂದ್ ಮಾಡಿದರೂ ಊರಿನ ನೀರು ಕಡಿಮೆಯಾಗದು ಎಂದೂ ಹೇಳಿದೆ.

ನೀರು ಬಿಡುವವನು ಪಕ್ಕದಲ್ಲೇ ಇದ್ದ. "ಕಡೀ ಗಲ್ಲಿಗೆ ನೀರ್ ಮುಟ್ಟೂದು ಅದರಾಗನರಿ, ಸರ."

"ಇನ್ನೊಂದ್ ಪೈಪೂ ಅಲ್ಲಿಗೆ ಹೋಗತೈತಲ್ಲ?" ಎಂದೆ.

ಅವನು ಸುಮ್ಮನಾದ ಎಂದು ನೆನಪು. ಆ ನೆನಪು ನನಗೆ ತೀರ ಅನುಕೂಲದ್ದು, ಅದಕ್ಕೇ ನಂಬಲಾರೆ. ಅವನು ಮುಂದೇನೋ ಹೇಳಹೊರಟಾಗ ನಾನೇ ತಡೆದಿರಬಹುದು. ಆ ದಿನದ ಡೈರಿಯಲ್ಲಿ ಬರೀ ಲೆಕ್ಕವಿದೆ.

ದೊಡ್ಡ ಪೈಪಿಗೆ ಮಂಜೂರಿ ಸಿಗಲಿಲ್ಲ. ಹಳೇದನ್ನು ಬಂದ್ ಮಾಡಲು ಮಂಜೂರಿ ಬೇಕಿರಲಿಲ್ಲ, ಮಾಡಿಬಿಟ್ಟರು.

ನಮ್ಮಲ್ಲಿ ನೀರು ಬಿಟ್ಟೊಡನೆ ಎಲ್ಲರೂ ನಳಕ್ಕೇ ಮೋಟಾರು ಹಚ್ಚಿ ಎಳೆಯುತ್ತಾರೆ. ನಮ್ಮ ಮನೆಯಲ್ಲೂ ಹಚ್ಚುತ್ತೇವೆ. ಉಳಿದ ಪೈಪಿನ ನೀರು ಅಷ್ಟೂ ಮೋಟಾರುಗಳನ್ನು ದಾಟಿ ಕಡೆಯ ಗಲ್ಲಿ ಮುಟ್ಟಬೇಕಿತ್ತು. ಊರಿಗೆ ನೀರು ಮೊದಲಿನಷ್ಟೇ ಬಂತು. ಆ ಗಲ್ಲಿಗೆ ಬರಲಿಲ್ಲ.

ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ, ನಮ್ಮ ಕಾಕು, ಇರುವುದು ಅಲ್ಲೇ. ನೋಯುವ ಮೊಣಕಾಲಿನಲ್ಲಿ ಅವರು ಬಸ್‌ಸ್ಟ್ಯಾಂಡಿನ ಬೋರಿಂಗಿನಿಂದ ಕೊಡ ಹೊರತೊಡಗಿದರು. ಹಳೇ ಪೈಪು ತೆರೆಸಲು ನಾನು ಓಡಾಡುವಷ್ಟರಲ್ಲಿ ಅದರ ಮೇಲೆ ಕಾಂಕ್ರೀಟ್ ರಸ್ತೆಯಾಗಿತ್ತು.

ಒಂದು ಬೆಳಿಗ್ಗೆ ತಪ್ಪೊಪ್ಪಿಕೊಳ್ಳಲು ನಕ್ಷೆ ಹಿಡಿದೇ ಅವರ ಮನೆಗೆ ಹೋದೆ. ಕಾಕು ಕಣ್ಣು ಕಿರಿದು ಮಾಡಿ ನೋಡಿದರು.

"ಇದರಾಗ ನಮ್ಮ ಮನಿ ಎಲ್ಲೈತೋ?"

ಲೆಕ್ಕ ಸುಲಭವಾಗಲೆಂದು ಊರಿನ ಮನೆಗಳನ್ನೆಲ್ಲ ಸೇರಿಸಿ ಒಂದೇ ಚುಕ್ಕೆ ಇಟ್ಟಿದ್ದೆ. ಅದನ್ನೇ ತೋರಿಸಿದೆ.

"ಮತ್ತ ನಿಮ್ಮ ಮನಿ?"

"ಅದೂ ಇಲ್ಲೇ, ಕಾಕು."

"ಹೌದನು? ಹಂಗಾರ ನಿಮ್ಮ ಮೋಟಾರಿಗೆ ನಮ್ಮ ಕೊಡಾನೂ ಹಚ್ಚಲೇನೋ ತಮ್ಮಾ?" ಎಂದು ನಕ್ಕರು.

ಬರ್ರಿ, ನಮ್ಮಲ್ಲೇ ತುಂಬ್ಕೋರಿ ಎಂದೆ. ಎಂದೆನೆಂದೇ ನೆನಪು. ಅವರು ಬರಲಿಲ್ಲ; ಈಗಲೂ ಬೋರಿಂಗಿಗೇ ಹೋಗುತ್ತಾರೆ.