ಚಿಕ್ಕಪ್ಪನ ಎಡಗೈ

ನಮ್ಮ ಚಿಕ್ಕಪ್ಪ ಮನೆಗಳಿಗೆ ಬಣ್ಣ ಬಳಿಯುವವರು. ಎಡಚರು. ಛಾವಣಿ ಬಳಿಯಲು ಅವರನ್ನು ಬಿಟ್ಟರೆ ಬೇರೆಯವರಿಲ್ಲ. ನಾನು ಬಣ್ಣದಂಗಡಿಯಲ್ಲಿ ಡಬ್ಬಿ ಎತ್ತಿಡುವ ಸಂಬಳದಾಳು. ಬಲ್ಬ್ ಹಾಕಲು ಕುರ್ಚಿ ಹತ್ತಿದರೂ ಯಾರಾದರೂ ಹಿಡಿದುಕೊಂಡಿರಬೇಕು.

ಈಚೆಗೆ ಚಿಕ್ಕಪ್ಪನಿಗೆ ಏಣಿಯ ಮೇಲೆ ಕಣ್ಣು ಕತ್ತಲಿಡುತ್ತಿತ್ತು. ಕೆಳಗಿಳಿದು ಕೂತರೆ ಏನೂ ಇಲ್ಲ. ಆಸ್ಪತ್ರೆಗೆ ಹೋದರೂ ಏನೂ ಇಲ್ಲ. ರಕ್ತ ಸರಿ, ಇಸಿಜಿ ಸರಿ, ಬಿಪಿ ಸರಿ. "ಯೋಚನೆ ಜಾಸ್ತಿ ಮಾಡ್ಬೇಡಿ" ಎಂದು ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಕೊಟ್ಟರು. ಮೇಸ್ತ್ರಿ, ಕುಡಿತ ಅಂದ. ಚಿಕ್ಕಮ್ಮ ಅಂಗಿ ಒಗೆಯುವ ಮುಂಚೆ ಮೂಸಿ ನೋಡತೊಡಗಿದರು. ಅದನ್ನು ಚಿಕ್ಕಪ್ಪ ಕಂಡರು.

"ರೋಗ ಇದ್ರೆ ಇರ್ಲಿ ಕಣೋ," ಎಂದರು ನನ್ನ ಹತ್ತಿರ. "ಇಲ್ಲ ಅಂದ್ಬಿಟ್ರೆ ನಾಳೆನೂ ಏಣಿ ಹತ್ಬೇಕಲ್ಲ."

ಆ ಮಾತು ಕೇಳಿದ ಮೇಲೆ ಅಂಗಡಿಯಲ್ಲಿ ಏನು ಬಿದ್ದ ಸದ್ದಾದರೂ ಚಿಕ್ಕಪ್ಪನೇ ಬಿದ್ದಂತೆ ಎದೆ ಝಲ್ಲೆನ್ನುತ್ತಿತ್ತು. ಬೀಳಿಸುವವನು ಹೆಚ್ಚಾಗಿ ನಾನೇ.

ರಜೆ ಹಾಕಿ ಬೇರೊಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಬಿಪಿ ನೋಡಲು ಚಿಕ್ಕಪ್ಪ ಎಂದಿನಂತೆ ಬಲಗೈ ಚಾಚಿದರು. ಎಡಗೈಯ ಬಣ್ಣ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದೊಡ್ಡವರ ಮುಂದೆ ಅದನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವುದು ಅವರ ಅಭ್ಯಾಸ.

"ಬಿಪಿ ಸರಿಯಾಗೇ ಇದೆ. ಏನು ಮಾಡ್ತಿರುವಾಗ ಹಾಗಾಗುತ್ತೆ?"

"ಛಾವಣಿ ಬಳಿಯುವಾಗ, ಅಮ್ಮಾ."

"ಎಲ್ಲಿ, ಬಳೀರಿ ನೋಡೋಣ."

ಚಿಕ್ಕಪ್ಪ ನನ್ನ ಮುಖ ನೋಡಿದರು. ಆಮೇಲೆ ಎದ್ದು ನಿಂತು, ಇಲ್ಲದ ಬ್ರಷ್ಷು ಹಿಡಿದು, ಎಡಗೈ ಮೇಲೆತ್ತಿ ಆಡಿಸತೊಡಗಿದರು. ಮೊದಲು ನನಗೆ ನಗು ಬಂತು. ಅವರು ಆಡಿಸುತ್ತಲೇ ಇದ್ದರು. ತುಟಿ ಬಿಳಿಚಿತು, ಕೈ ಜೋತುಬಿತ್ತು, ಕಾಲು ಕುಸಿಯಿತು. ಹಿಡಿದುಕೊಂಡವರು ಡಾಕ್ಟರಮ್ಮ. ಹಿಡಿಯಲೆಂದೇ ಜೊತೆಗೆ ಹೋಗಿದ್ದ ನಾನು ಬಾಗಿಲಿಗೆ ಅಂಟಿಕೊಂಡಿದ್ದೆ.

ಮಂಚದ ಮೇಲೆ ಮಲಗಿಸಿ, ಬಣ್ಣದ ಕೈಗೆ ಬಿಪಿ ಪಟ್ಟಿ ಸುತ್ತಿದರು. ಬಿಚ್ಚಿ ಮತ್ತೆ ಸುತ್ತಿದರು. ಬಲಗೈಗಿಂತ ತುಂಬ ಕಡಿಮೆ.

"ಈ ಕೈಗೆ ರಕ್ತ ಹೋಗೋ ನಾಳ ಕಟ್ಟಿಕೊಂಡಿರೋ ಹಾಗಿದೆ. ಕೈ ದುಡಿದಾಗ ತಲೆಗೆ ಹೋಗ್ಬೇಕಾದ ರಕ್ತ ಎಳ್ಕೊಳ್ಳುತ್ತೆ. ಸ್ಕ್ಯಾನ್ ಮಾಡಿಸಿ ಖಚಿತ ಮಾಡ್ಕೊಳ್ಳೋಣ. ಅಲ್ಲೀವರೆಗೂ ಏಣಿ ಮುಟ್ಬೇಡಿ."

ಚಿಕ್ಕಪ್ಪ ತಲೆ ಎತ್ತಿದರು.

"ಹಾಗಾದ್ರೆ, ರೋಗ ಇದೆ ಅಂತೀರಾ?"

"ಇದೆ."

"ನಿಮ್ಮ ಚಿಕ್ಕಮ್ಮನಿಗೆ ಫೋನ್ ಮಾಡೋ," ಎಂದರು ಚಿಕ್ಕಪ್ಪ ನನಗೆ.

ಮಾಡಿದೆ. "ಹಲೋ" ಅನ್ನುವಷ್ಟರಲ್ಲಿ ಚಿಕ್ಕಪ್ಪನೇ ಫೋನು ಕಿತ್ತುಕೊಂಡರು.

"ಕುಡಿತ ಅಲ್ವಂತೆ ಕಣೇ. ರಕ್ತದ ನಾಳ ಅಂತೆ."

ಆ ಕಡೆಯಿಂದ ಚಿಕ್ಕಮ್ಮನ ಸಣ್ಣ ದನಿ: "ಅಲ್ಲೇ ಮಲಗಿರಿ. ಏಳ್ಬೇಡಿ. ನಾನು ಬರ್ತೀನಿ."